ಜಾಕೆಟ್ ಹಿಡಿಯುವವಳು

ಇಂಡೋನೇಷ್ಯಾದ ಬಾಂಡುಂಗ್ ನಗರದ ಒಂದು ಬ್ಯಾಡ್ಮಿಂಟನ್ ಹಾಲ್‌ನಲ್ಲಿ ರೆಂಗಾನಿಸ್ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದಳು. ಬೆಳಗಿನಿಂದ ಪಂಕ್ ಸಂಗೀತದ ತಂಡಗಳು ಒಂದಾದ ಮೇಲೊಂದು ಅರಚಿ ಇಳಿದಿದ್ದವು. ಇವಳು ಗೆಳತಿ ಈಸ್ ಜೊತೆ ಕಟ್ಟಿದ ತಂಡದ್ದು ಕೊನೆಯ ಸರದಿ. ಕೊನೆಯದೇ ಗೌರವದ ಜಾಗ ಎಂದು ಹುಡುಗರು ಪುಸಲಾಯಿಸಿದ್ದರು. ಗೌರವವಂತೆ! ಸಂಜೆಯ ಆಜಾನ್‌ಗೆ ಮೊದಲೇ ಸದ್ದೆಲ್ಲ ನಿಲ್ಲಿಸುತ್ತೇವೆಂದು ಕೇರಿಯ ಹಿರಿಯರಿಗೆ ಮಾತು ಕೊಟ್ಟು ಹಾಲ್ ಪಡೆದಿದ್ದರು. ಕಿಟಕಿಯ ಬಿಸಿಲು ಆಗಲೇ ಕೆಂಪಾಗಿತ್ತು.

ವೇದಿಕೆಯ ಮೇಲಿದ್ದದ್ದು ಅವಳ ಗೆಳೆಯ ದಾದಾನ್‌ನ ತಂಡ. ಇದೇ ಕೊನೆಯ ಹಾಡು ಎನ್ನುತ್ತ ಎನ್ನುತ್ತಲೇ ಮುಂದಿನದಕ್ಕೆ ಹೋಗುತ್ತಿದ್ದರು. ಯಾರೂ ಯಾರಿಗೂ ಆಳಲ್ಲ ಎಂದು ಅರಚುತ್ತಿದ್ದರು. ಕೆಳಗೆ ರೆಂಗಾನಿಸ್‌ಳ ತೋಳ ತುಂಬ ಗಂಡಸರ ಜಾಕೆಟ್‌ಗಳು. ಕುಣಿಯಲು ನುಗ್ಗುವವರೆಲ್ಲ ಬಿಚ್ಚಿ ಅವಳ ಕೈಗೆ ಕೊಡುವುದು ಅಲ್ಲಿನ ವಾಡಿಕೆ.

"ನೆಂಗ್, ತಂಗೀ, ಇದನ್ನೂ ಸ್ವಲ್ಪ ಹಿಡ್ಕೊಳಮ್ಮಾ. ಜೇಬಲ್ಲಿ ಬೈಕ್ ಕೀ ಇದೆ, ಜೋಪಾನ," ಎಂದು ಇನ್ನೊಬ್ಬ ಹೇರಿ ಓಡಿದ.

"ಲಾಂಡ್ರಿ ಇಡೇ, ಚೆನ್ನಾಗಿ ನಡೆಯತ್ತೆ," ಎಂದಳು ಈಸ್, ಡ್ರಮ್ ಕೋಲುಗಳನ್ನು ತೊಡೆಗೆ ಕುಟ್ಟುತ್ತ. "ದಾದಾನ್‌ಗೆ ಸನ್ನೆನಾದ್ರೂ ಮಾಡಬಾರ್ದಾ?"

"ಮಾಡ್ದೆ. ಮೆಚ್ಚಿ ಕೈ ಬೀಸ್ತಿದೀನಿ ಅಂದ್ಕೊಂಡು ತಿರುಗಿ ಬೀಸಿದ."

ಇಬ್ಬರೂ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಗೆಯವರು. ಉಚ್ಚೆಗೆ ಎದ್ದರೂ ಗಡಿಯಾರ ನೋಡುವ ಸೂಪರ್‌ವೈಸರನ ಮೇಲೆ ರೆಂಗಾನಿಸ್ ಒಂದು ನಿಮಿಷದ ಹಾಡು ಕಟ್ಟಿದ್ದಳು, ಮಷಿನ್ ಸದ್ದಿನ ಮರೆಯಲ್ಲಿ ಗುನುಗಿ ಗುನುಗಿ. ಅದನ್ನು ಕೇಳಲೆಂದೇ ಅವರ ಸಾಲಿನ ಹುಡುಗಿಯರು ರಜೆಯ ದಿನ ಬಸ್ಸು ಹಿಡಿದು ಬಂದು, ಬ್ಯಾಗು ಅವುಚಿಕೊಂಡು ಹಿಂದಿನ ಗೋಡೆಗೆ ಒರಗಿದ್ದರು. ಹಾಡದೆ ಹೋದರೆ ನಾಳೆ ಅವರಿಗೆ ಮುಖ ತೋರಿಸುವುದು ಹೇಗೆ?

ಮಸೀದಿಯ ಮೈಕು ಕರಕರ ಎಂದಿತು. ಆಜಾನ್‌ಗೆ ಇನ್ನು ಕೆಲವೇ ನಿಮಿಷ.

ರೆಂಗಾನಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಹೊರೆ ಹೊತ್ತೇ ವೇದಿಕೆಗೆ ನುಗ್ಗಿ, ಜಾಕೆಟ್‌ಗಳನ್ನೆಲ್ಲ ಡ್ರಮ್‌ಗಳ ಮೇಲೆ ಸುರಿದಳು. ಬಡಿತ ನಿಂತುಹೋಯಿತು.

"ಏನೇ ಇದು? ಹುಚ್ಚು ಹಿಡೀತಾ?" ಎಂದ ದಾದಾನ್.

"ನಿಮ್ಮ ನಿಮ್ಮದು ನೀವೇ ಹಿಡ್ಕೊಳ್ಳಿ. ಇಳಿ ಕೆಳಗೆ."

"ಇನ್ನೊಂದೇ ಹಾಡು ಕಣೇ..."

"ನಂದು ಇರೋದೇ ಒಂದು."

ಅವನ ಕೊರಳಿನಿಂದ ಗಿಟಾರ್ ಕಳಚಿಕೊಂಡಳು. ಈಸ್ ಆಗಲೇ ಡ್ರಮ್ ಹಿಂದೆ ಕೂತು ಜಾಕೆಟ್‌ಗಳನ್ನು ಒಂದೊಂದಾಗಿ ಅವನತ್ತ ಎಸೆಯುತ್ತಿದ್ದಳು. ದಾದಾನ್ ಬೇರೆ ದಾರಿಯಿಲ್ಲದೆ ಬಾಚಿಕೊಂಡು ಇಳಿದ.

ರೆಂಗಾನಿಸ್ ಹಾಡಿದಳು. ಗಂಟಲು ಹರಿಯುವಂತೆ ಕೂಗಿದಳು. ಎರಡನೇ ಸಾಲಿಗೇ ಗೋಡೆಗೆ ಒರಗಿದ್ದ ಹುಡುಗಿಯರು ಹುಡುಗರನ್ನು ತಳ್ಳಿಕೊಂಡು ಮುಂದೆ ಬಂದರು. ಅವರಲ್ಲೊಬ್ಬಳು ದಾದಾನ್‌ನ ತೋಳಿಗೆ ತನ್ನ ಬ್ಯಾಗು ತಗುಲಿಹಾಕಿದಳು. "ಅಣ್ಣಾ, ಇದನ್ನೂ ಸ್ವಲ್ಪ ಹಿಡ್ಕೊಳಿ. ಒಳಗೆ ಫೋನ್ ಇದೆ, ಜೋಪಾನ." ಉಳಿದವರೂ ಹಾಗೇ ತಗುಲಿಹಾಕಿ ಕುಣಿಯಲು ಇಳಿದರು.

ಕೊನೆಯ ಪದ ಬಾಯಿಂದ ಬೀಳುವುದಕ್ಕೂ ಆಜಾನ್ ಏಳುವುದಕ್ಕೂ ಸರಿಹೋಯಿತು. ರೆಂಗಾನಿಸ್ ತಾನೇ ಬಗ್ಗಿ ಆಂಪ್ಲಿಫೈಯರಿನ ಸ್ವಿಚ್ ಆರಿಸಿದಳು. ಆಜಾನ್ ಮುಗಿಯುವವರೆಗೂ ಹಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ. ಅವಳ ಕಾಲು ಮಾತ್ರ ಇನ್ನೂ ತಾಳ ಹಾಕುತ್ತಲೇ ಇತ್ತು. ದಾದಾನ್‌ನ ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಒರೆಸಿಕೊಳ್ಳಲು ಅವನಿಗೆ ಒಂದು ಕೈಯೂ ಖಾಲಿ ಇರಲಿಲ್ಲ.