ಕೊನೆಯ ಸಾಲಿನ ಕಿವಿ

ಲೋಕದ ಜನರೆಲ್ಲ ಮುಂದಕ್ಕೆ ನಡೆದರೆ ರಿಪೇರಿಯಣ್ಣ ಹಿಂದಕ್ಕೆ ನಡೆಯುತ್ತಿದ್ದ. ತಮಾಷೆಗಲ್ಲ, ನಿಜವಾಗಿಯೂ! ಸಭಾಂಗಣ ಯಾವುದೇ ಆಗಲಿ, ವೇದಿಕೆಯ ಅಂಚಿನಲ್ಲಿ ನಿಂತು, ಕಣ್ಣು ಅರೆಮುಚ್ಚಿ, ಬಲಗಿವಿಯನ್ನು ತುಸು ಮುಂದೆ ಚಾಚಿ, ಒಂದೊಂದೇ ಹೆಜ್ಜೆ ಹಿಂದಿಡುತ್ತ ಕೊನೆಯ ಸಾಲಿನ ಕೊನೆಯ ಕುರ್ಚಿಯವರೆಗೆ ಸಾಗುವ ಆ ಗಂಭೀರ ಹಿಮ್ಮುಖ ಯಾತ್ರೆಯಲ್ಲಿ ಅವನು ಎಡವಿದ ಕುರ್ಚಿಗಳೆಷ್ಟೋ, ತುಳಿದ ಕಾಲುಗಳೆಷ್ಟೋ. ತುಳಿಸಿಕೊಂಡವರು ಬೈದರೆ ಕ್ಷಮೆ ಕೇಳುವ ಮನುಷ್ಯನಲ್ಲ. "ಇಲ್ಲಿಗೆ ಮಾತು ಕೇಳಿಸ್ತಾ?" ಎಂದು ಅವರನ್ನೇ ವಿಚಾರಿಸಿಕೊಳ್ಳುತ್ತಿದ್ದ. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಅದರ ಎಡಜೇಬಿನ ತುಂಬ ಸ್ಕ್ರೂಡ್ರೈವರು, ಫ್ಯೂಸು, ತಂತಿಯ ಸುರುಳಿ ತುಂಬಿ ತುಂಬಿ, ಕೋಟು ಕಳಚಿದಾಗಲೂ ಅವನ ಎಡಭುಜ ಒಂದಂಗುಲ ಕೆಳಗೇ ಇರುತ್ತಿತ್ತು.

ಅವನದು ರೇಡಿಯೋ ರಿಪೇರಿಯ ಅಂಗಡಿ. ಅದರ ಹಿಂಬದಿಯ ಕೋಣೆಯಲ್ಲಿ, ಹೊಟ್ಟೆ ಬಗೆದಿಟ್ಟ ರೇಡಿಯೋಗಳ ನಡುವೆ ಅವನ ತಂಗಿಯ ರಾಕ್ ಬ್ಯಾಂಡು ಹುಟ್ಟಿತು. ತಂಗಿ ಹಗಲೆಲ್ಲ ಕೊರಿಯರ್ ಕಚೇರಿಯಲ್ಲಿ ಪೊಟ್ಟಣಗಳ ಮೇಲೆ ವಿಳಾಸ ಬರೆದು, ಸಂಜೆ ಗಿಟಾರು ಹಿಡಿದು ಹಾಡುವವಳು, ಹಾಡುಗಳೂ ಅವಳವೇ. ಡ್ರಮ್ಮಿನವನು ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಬೇಸ್ ಗಿಟಾರಿನವನು ಹಲ್ಲಿನ ಡಾಕ್ಟರರ ಕಾಂಪೌಂಡರು, ಬೇರೆಯವರ ಬಾಯಿ ತೆರೆಸಿಯೇ ಅಭ್ಯಾಸ, ತಾನು ತೆರೆದದ್ದು ಅಪರೂಪ. ಮೂರು ಸತ್ತ ರೇಡಿಯೋಗಳಿಂದ ಅಣ್ಣ ಕಟ್ಟಿಕೊಟ್ಟ ಆಂಪ್ಲಿಫೈಯರು ಮೊದಲ ಕಾರ್ಯಕ್ರಮದಲ್ಲೇ ಎಲ್ಲಿಯದೋ ಬಾನುಲಿ ವಾರ್ತೆಯನ್ನು ಹಿಡಿದುಕೊಂಡು ಹಾಡಿನ ನಟ್ಟನಡುವೆ ನಾಳೆಯ ಹವಾಮಾನ ಹೇಳಿತು. "ನಮ್ಮ ಹಾಡಿಗಿಂತ ಅದೇ ಸ್ಪಷ್ಟವಾಗಿತ್ತು ಬಿಡಿ" ಎಂದು ಡ್ರಮ್ಮಿನವನು ನಕ್ಕ. ಆ ನಗು ಅಣ್ಣನಿಗೆ ಚುಚ್ಚಿತು. ತಂಗಿ ಪೆನ್ಸಿಲು ಕಚ್ಚಿ ಕಚ್ಚಿ ಬರೆದ ಮಾತು ಕಟ್ಟಕಡೆಯವನ ಕಿವಿಗೂ ಮುಟ್ಟಬೇಕೆಂದು ಅವನು ಹಿಂದಕ್ಕೆ ನಡೆಯತೊಡಗಿದ್ದು ಅಲ್ಲಿಂದಲೇ.

ಆಮೇಲೆ ಡ್ರಮ್ಮಿನವನಿಗೂ ಅವನಿಗೂ ನಿತ್ಯ ಜಟಾಪಟಿ. ಸದ್ದು ಹೆಚ್ಚಾಯಿತೆಂದು ಅಣ್ಣ ಡ್ರಮ್ಮಿನ ಹೊಟ್ಟೆಗೆ ಮನೆಯ ಕಂಬಳಿ ತುರುಕುವುದು, "ಇದೇನು ಡ್ರಮ್ಮಾ, ಹಾಸಿಗೇನಾ?" ಎಂದು ಅವನು ಕಿತ್ತೆಸೆಯುವುದು. ಆದರೂ ಮಾತು ಕೇಳಿಸುತ್ತಿದೆಯೆಂದು ಕೊನೆಯ ಸಾಲಿನಿಂದ ಅಣ್ಣ ಕೈ ಎತ್ತುವವರೆಗೆ ಮೊದಲ ಹಾಡು ಶುರುವಾಗಕೂಡದೆಂಬುದು ಬ್ಯಾಂಡಿನ ಕಟ್ಟಳೆ. ವಾದ್ಯ ಬಾರಿಸಲು ಬಾರದ ಅವನು ಬ್ಯಾಂಡಿನಲ್ಲಿ ತಾನೂ ಒಬ್ಬ ಎಂದು ಬೀಗಲು ಇದ್ದದ್ದು ಅದೊಂದೇ ಆಧಾರ. ಅದು ಹೋದರೆ ಅವನ ಪಾಲಿಗೆ ಉಳಿಯುವುದು ಕೆಟ್ಟ ರೇಡಿಯೋಗಳಷ್ಟೇ.

ಪುರಭವನದ ಕಾರ್ಯಕ್ರಮದ ದಿನ ಆಗಬಾರದ್ದು ಆಯಿತು. ಎಂಟು ನೂರು ಜನ ತುಂಬಿದ್ದರು. ಅಣ್ಣ ಎಂದಿನಂತೆ ಹಿಂದೆ ಹಿಂದೆ ನಡೆದ. ಕೊನೆಯ ಸಾಲು ಮುಟ್ಟಿದರೂ ಇನ್ನೊಂದು ಹೆಜ್ಜೆ ಇರಲೆಂದು ಕಾಲಿಟ್ಟವನು ತೆರೆದಿದ್ದ ಬಾಗಿಲಿನಿಂದ ಸೀದಾ ಹೊರಗೆ! ಬಾಗಿಲು ಮುಚ್ಚಿಕೊಂಡಿತು. ಅವನು ಬಡಿದ, ಕೂಗಿದ. ಟಿಕೆಟ್ಟಿಲ್ಲದ ಯಾವನೋ ಪುಂಡನೆಂದು ಕಾವಲುಗಾರ ಒಳಗಿನಿಂದ ಅಗುಳಿ ಹಾಕಿದ. ವೇದಿಕೆಯ ಮೇಲೆ ಮೂವರೂ ಎತ್ತದ ಕೈಗಾಗಿ ಕಾಯುತ್ತ ಕಂಬಗಳಂತೆ ನಿಂತರು. ಹತ್ತು ನಿಮಿಷಕ್ಕೆ ಬೇಸತ್ತ ಜನ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗಿದರು. ದಿನವಿಡೀ ಯಂತ್ರದ ಲಯಕ್ಕೆ ಪಳಗಿದ ಡ್ರಮ್ಮಿನವನ ಕೈ ಸುಮ್ಮನಿರುತ್ತದೆಯೇ? ಅವನು ಚಪ್ಪಾಳೆಗೆ ಜೊತೆಗೂಡಿದ, ಕಾಂಪೌಂಡರು ಅವನಿಗೆ ಜೊತೆಗೂಡಿದ, ತಂಗಿ ಹಾಡಿಯೇಬಿಟ್ಟಳು. ಇದೆಲ್ಲ ಮೊದಲೇ ಯೋಜಿಸಿದ್ದೆಂದು ಭ್ರಮಿಸಿದ ಸಭೆ ಹುಚ್ಚೆದ್ದು ಕುಣಿಯಿತು. ಪತ್ರಿಕೆಗಳು ಕೇಳುಗರೇ ಆರಂಭಿಸುವ ಸಂಗೀತವೆಂದು ಕೊಂಡಾಡಿದವು. ಹಾಡೆಲ್ಲ ಮುಗಿದು ಬಾಗಿಲು ತೆರೆದಾಗ ಅಣ್ಣ ತಂಗಿಗೆ ಹೇಳಿದ್ದು ಇಷ್ಟೇ: "ಮೂರನೇ ಹಾಡಲ್ಲಿ ಒಂದು ಸಾಲು ನುಂಗಿಬಿಟ್ಟೆ ಕಣೇ, ಬಾಗಿಲಾಚೆಗೆ ಬರಲೇ ಇಲ್ಲ."

ಹೆಸರು ಬಂತು. ಗೋಡೆಗಳ ಮೇಲೆ ಮೂವರ ಮುಖಗಳು ಬಂದವು. ಕೊನೆಗೆ ಧ್ವನಿಮುದ್ರಣದ ಕಂಪನಿಯವನೂ ಬಂದ. ವಿನಯವಂತ, ಮಾತು ಬೆಣ್ಣೆ. ಇನ್ನು ಮೂವತ್ತು ಸಾವಿರ ಜನ ಹಿಡಿಸುವ ಬಯಲುಗಳಲ್ಲಿ ಹಾಡಬೇಕು, ಧ್ವನಿಗೆ ತಮ್ಮದೇ ಪರಿಣತರಿದ್ದಾರೆ ಎಂದ. "ಅಣ್ಣನವರು ಮುಂದಿನ ಸಾಲಲ್ಲಿ ಆರಾಮಾಗಿ ಕೂತು ನೋಡ್ಲಿ."

ಮುಂದಿನ ಸಾಲು! ಕಪಾಳಕ್ಕೆ ಹೊಡೆದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ತಂಗಿ ಬಂದು ಎದುರು ಕೂತಳು.

"ಒಂದೇ ಒಂದ್ಸಲ ಅವರು ಮಾಡ್ಲಿ. ನೀನು ಎಲ್ಲಿ ಬೇಕಾದ್ರೂ ನಿಂತು ಕೇಳು. ಒಂದು ಮಾತು ಕೇಳಿಸ್ಲಿಲ್ಲ ಅಂತ ಹೇಳು ಸಾಕು, ಅವರನ್ನ ಮನೆಗೆ ಕಳಿಸ್ತೀನಿ."

ಕಾರ್ಯಕ್ರಮದ ಸಂಜೆ ಬಯಲಿನ ಅಂಚಿನ ಬೇಲಿಗೆ ಬೆನ್ನು ಕೊಟ್ಟು ಅವನು ನಿಂತದ್ದು ತಪ್ಪು ಹುಡುಕಲೆಂದೇ, ಸುಳ್ಳೇಕೆ ಹೇಳಬೇಕು? ಮೊದಲ ಹಾಡಿನಲ್ಲಿ ಸಿಗಲಿಲ್ಲ, ಎರಡನೆಯದರಲ್ಲೂ ಇಲ್ಲ. ತಂಗಿಯ ದನಿ ಪಿಸುಮಾತಿಗಿಳಿಯುವ ಮೆಲುಹಾಡೊಂದಿತ್ತು. ಎಷ್ಟು ಒದ್ದಾಡಿದರೂ ಅದನ್ನು ಕೊನೆಯ ಸಾಲಿಗೆ ಮುಟ್ಟಿಸಲು ಅವನಿಂದ ಆಗಿರಲಿಲ್ಲ. ಅದು ಆರಂಭವಾಯಿತು. ಅಕ್ಷರ ಅಕ್ಷರವೂ ಕಿವಿಯ ಪಕ್ಕದಲ್ಲೇ ನುಡಿದಂತೆ ಬಂತು. ಪಕ್ಕದ ಹೆಂಗಸಿಗೆ ಕೇಳಿಸುತ್ತಿದೆಯೇ ಎಂದು ಕೇಳಹೋದರೆ, ಅವಳು "ಸುಮ್ನಿರ್ರೀ, ಹಾಡು ಕೇಳೋಕೆ ಬಿಡಿ" ಎಂದು ಗದರಿದಳು. ಗದರಿಸಿಕೊಂಡವನು ಸುಮ್ಮನಾದ, ಸುಮ್ಮನಾಗಿ, ಕೆಲಸವಿಲ್ಲದವನಂತೆ ಬರಿದೇ ಕೇಳಿದ. ಯಾವನೋ ಒಬ್ಬ, ತಂಗಿ ಕೆಲಸದಿಂದ ಮರಳುವವರೆಗೂ ಅಂಗಡಿಯ ಬಾಗಿಲು ಹಾಕದೆ, ಗಿರಾಕಿಯಿಲ್ಲದಿದ್ದರೂ ಕೆಲಸವಿದೆಯೆಂದು ನಟಿಸುತ್ತ ಕೂರುತ್ತಿದ್ದ ಕಥೆ ಹೇಳುವ ಹಾಡು ಅದು.

ಮುಗಿದ ಮೇಲೆ ತಂಗಿ, ಕೊರಳಿಗೆ ಟವೆಲು ಸುತ್ತಿಕೊಂಡೇ, ಎದುರು ಬಂದು ನಿಂತಳು. ಹಿಂದೆ ಕಂಪನಿಯವನು, ಅವನ ಪಕ್ಕದಲ್ಲಿ ಉಗುರು ಕಚ್ಚುತ್ತ ಡ್ರಮ್ಮಿನವನು.

"ಹೇಳು. ಕೇಳಿಸ್ತೋ ಇಲ್ವೋ?"

ಇಲ್ಲ ಎಂದರೆ ಸಾಕಿತ್ತು; ಒಂದೇ ಪದ, ಬ್ಯಾಂಡು ಮತ್ತೆ ಅವನದು. ಅಣ್ಣ ಕೋಟಿನ ಗುಂಡಿಯನ್ನು ತಿರುಗಿಸುತ್ತ ನಿಂತ.

"ಎಲ್ಲಾ ಕೇಳಿಸ್ತು ಕಣೇ. ನನ್ನ ಕೈಲಿ ಇಷ್ಟು ಆಗ್ತಿರ್ಲಿಲ್ಲ. ಇವರೇ ಮಾಡ್ಲಿ." ಗುಂಡಿಯನ್ನು ಬಿಟ್ಟು ತಲೆಯೆತ್ತಿ, "ಅಲ್ವೇ, ಆ ಮೆತ್ತಗಿನ ಹಾಡು... ನನ್ನ ಮೇಲೆ ಬರೆದಿದ್ದಾ?"

"ಏಳು ವರ್ಷದಿಂದ ಹಾಡ್ತಿದೀನಲ್ಲೋ ಅಣ್ಣಾ!" ಎಂದ ತಂಗಿ ಅಳುತ್ತಿದ್ದಳೋ ನಗುತ್ತಿದ್ದಳೋ.

ಇಂಥವರ ಕುಲವೇ ಹೀಗೆ. ಊರಿಗೆಲ್ಲ ಮಾತು ಮುಟ್ಟಿತೇ ಎಂಬ ಚಿಂತೆಯಲ್ಲಿ ಆಯುಷ್ಯ ಸವೆಸುತ್ತಾರೆ. ಆ ಮಾತು ತಮಗಾಗಿಯೇ ಇದ್ದೀತೆಂಬ ಸಣ್ಣ ಅನುಮಾನವೂ ಅವರಿಗೆ ಬರುವುದಿಲ್ಲ. ಅಂಥವರು ಮನೆಯಲ್ಲಿದ್ದರೆ ಹಾಡು ಗೀಡು ಬರೆದು ಕಾಯಬೇಡಿ, ಕೈ ಹಿಡಿದು ಕೂರಿಸಿ ನೇರವಾಗಿ ಹೇಳಿಬಿಡಿ.