ಮುನ್ನೂರು ವರ್ಷದ ಉಳಿ

ಮುಂಬಯಿಯ ಜೋಗೇಶ್ವರಿಯ ಕಲ್ಲು ಕ್ವಾರಿ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಆ ಗುಂಡಿಯಲ್ಲಿ ಬಿಲ್ಡರು ಮೂರು ಟವರ್ ಎಬ್ಬಿಸಿದ್ದಾನೆ. ಜೊತೆಗೆ, ಪುಣ್ಯಕ್ಕೋ ಜಾಹೀರಾತಿಗೋ, ಒಂದು ಖನಿಜ ಮ್ಯೂಸಿಯಂ. ಒಳಗೆ ಎಸಿ ಇದೆ, ಚಪ್ಪಲಿ ಹೊರಗೆ ಬಿಡಬೇಕು. ನನ್ನ ಸೋದರಮಾವ ಶೆಟ್ಟೆಪ್ಪ ಹದಿನೆಂಟು ವರ್ಷ ಅದೇ ಕ್ವಾರಿಯಲ್ಲಿ ಬರಿಗಾಲಲ್ಲಿ ನಿಂತು ಕಲ್ಲು ಒಡೆದವನು. ಅವನಿಗೆ ಚಪ್ಪಲಿ ಬಿಡುವುದೇನೂ ಕಷ್ಟವಾಗಲಿಲ್ಲ.

ನಾವು ಹೋದದ್ದು ಕಲ್ಲು ನೋಡಲಿಕ್ಕಲ್ಲ. ಕ್ವಾರಿ ಪಕ್ಕದ, ಮಾವ ಇರುವ ಚಾಳು ಕೆಡವಿ ಬಿಲ್ಡಿಂಗಿನಲ್ಲಿ ಒಂದೊಂದು ಕೋಣೆಯ ಖೋಲಿ ಕೊಡುತ್ತಾರೆ, ಆದರೆ ಎರಡು ಸಾವಿರದ ಇಸವಿಗಿಂತ ಮೊದಲಿನಿಂದ ಇದ್ದವರಿಗೆ ಮಾತ್ರ. ಮಾವ ವಿಜಯಪುರದಿಂದ ಬಂದದ್ದು ಎಂಬತ್ತಾರರಲ್ಲಿ. ಕಾಗದಪತ್ರಗಳೆಲ್ಲ 2005ರ ಮಹಾಪೂರದಲ್ಲಿ ಕೊಚ್ಚಿಹೋದವು. ಅಕ್ಕಪಕ್ಕದ ನಾಲ್ಕು ಜನ ಸಾಕ್ಷಿ ಹೇಳಿದರೂ ಖೋಲಿ ಹಂಚುವ ಆಫೀಸಿನ ಅನುರಾಧಾ ಮೇಡಂ ಕಾಗದವನ್ನೇ ಕೇಳಿದರು. ಸೋಮವಾರದೊಳಗೆ ಪುರಾವೆ ತರದಿದ್ದರೆ ಪಟ್ಟಿಯಿಂದ ಹೆಸರು ಕಟ್. ಮ್ಯೂಸಿಯಂನಲ್ಲಿ ಕ್ವಾರಿಯ ಹಳೇ ಹಾಜರಿ ಪುಸ್ತಕವಾದರೂ ಇರಬಹುದು ಎಂದು ನಾನು ಮುಲುಂಡ್‌ನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದೆ.

ಹಾಜರಿ ಪುಸ್ತಕ ಇರಲಿಲ್ಲ. ಗಾಜಿನೊಳಗೆ ದೀಪ ಹಾಕಿಸಿಕೊಂಡು ಬಿಳಿ ಹರಳುಗಳು ಕೂತಿದ್ದವು. ಪವಾಯಿಯಿಂದ ಬಂದಿದ್ದ ಹೆಂಗಸೊಬ್ಬಳು "ಸೋ ಡೆಲಿಕೇಟ್!" ಎಂದು ಫೋಟೋ ತೆಗೆಯುತ್ತಿದ್ದಳು.

"ಇವನ್ನ ನಾವು ಸುತ್ತಿಗಿಲೆ ಕುಟ್ಟಿ ಪುಡಿ ಮಾಡ್ತಿದ್ವಿ," ಅಂದ ಮಾವ. "ಹರಳಿದ್ದಲ್ಲಿ ಕಲ್ಲು ಪೊಳ್ಳು ಇರ್ತೈತಿ. ಪೊಳ್ಳು ಕಲ್ಲು ಅಳತಿ ಹಿಡಿಯೋ ಮುಕಾದಮ ತಗೋತಿರಲಿಲ್ಲ."

ಅದೃಷ್ಟಕ್ಕೆ ಆಕೆಗೆ ಕನ್ನಡ ಬರುತ್ತಿರಲಿಲ್ಲ.

ಕೊನೆಯ ಪೆಟ್ಟಿಗೆಯ ಮುಂದೆ ಮಾವ ನಿಂತೇಬಿಟ್ಟ. ಕೆಂಪು ಮಖಮಲ್ಲಿನ ಮೇಲೆ ತುಕ್ಕು ಹಿಡಿದ ಒಂದು ಉಳಿ. ಕೆಳಗಿನ ಚೀಟಿಯನ್ನು ನಾನೇ ಓದಿ ಹೇಳಿದೆ: ಟವರಿನ ಪಾಯ ತೋಡುವಾಗ ದೊರೆತದ್ದು, ಸುಮಾರು ಮುನ್ನೂರು ವರ್ಷ ಹಳೆಯದು, ಮೇಲಿನ ಚಿಹ್ನೆ ಪ್ರಾಚೀನ ಸೂರ್ಯಾರಾಧನೆಯ ಸಂಕೇತವಿರಬಹುದು.

"ಏ ನವೀನಾ, ಇದು ನನ್ನ ಉಳಿ!"

ಚಿಹ್ನೆಯೆಂದರೆ ಮೂರು ಕಚ್ಚು, ಅದರ ಮೇಲೊಂದು ಅಡ್ಡಗೆರೆ. ದಿನಾ ಸಂಜೆ ಎಲ್ಲರ ಉಳಿಗಳೂ ಮೊನೆ ತಟ್ಟಿಸಲು ಕಂಬಾರ ಕಾಶಪ್ಪನ ಕುಲುಮೆಗೆ ಹೋಗುತ್ತಿದ್ದವು. ಬೆಳಿಗ್ಗೆ ಅದಲುಬದಲಾಗಿ ಜಗಳ ಆಗಬಾರದೆಂದು ಒಬ್ಬೊಬ್ಬರೂ ಒಂದೊಂದು ಗುರುತು ಹಾಕಿಸಿಕೊಂಡಿದ್ದರು. ಸೂರ್ಯದೇವನಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಮ್ಯೂಸಿಯಂ ನೋಡಿಕೊಳ್ಳುವ ಡಾಕ್ಟರ್ ಶಶಿಕಾಂತ ಧಾರವಾಡದವರು. ನಮ್ಮ ಮಾತು ಕೇಳಿ ನಕ್ಕರು.

"ಪ್ರೂಫ್ ಏನೈತ್ರಿ ಯಜಮಾನ್ರ?"

"ಹೊರಳಿಸಿ ನೋಡ್ರಿ. ಕೆಳಗಿನ ಮಗ್ಗಲದಾಗ ಬಟ್ಟುದ್ದ ಬಿರುಕು ಐತಿ. ಕಾಶಪ್ಪ ಹೆಚ್ಚಿಗಿ ಕಾಸಿ ಕೆಡಿಸಿದ್ದ."

ಡಾಕ್ಟರು ಕೈಗವಸು ಹಾಕಿಕೊಂಡು ಹೊರಳಿಸಿದರು. ಬಿರುಕು ಇತ್ತು. ಅವರ ಮುಖ ಇಳಿದುಹೋಯಿತು. ಆ ಉಳಿಯ ಬಗ್ಗೆ ಎರಡು ಭಾಷಣ ಮಾಡಿದ್ದರು, ಪೇಪರಿನಲ್ಲೂ ಬಂದಿತ್ತಂತೆ. ಕ್ಯಾಬಿನ್ನಿಗೆ ಕರೆದು ಚಹಾ ತರಿಸಿದರು. ನಾನು ಖೋಲಿಯ ಸಂಗತಿ ಹೇಳಿದೆ. ಅವರು ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಕೊಟ್ಟರು: ಈ ಉಳಿಯ ಚಿಹ್ನೆ ಶ್ರೀ ಶೆಟ್ಟೆಪ್ಪನವರ ಮನೆತನದ್ದು; ಸದರಿ ಮನೆತನ ಮುನ್ನೂರು ವರ್ಷಗಳಿಂದ ಇಲ್ಲಿ ನೆಲೆಸಿದೆ.

"ಇದು ಸುಳ್ಳಾತಲ್ರಿ," ಅಂದ ಮಾವ. "ನಾ ಬಂದಿದ್ದು ಎಂಬತ್ತಾರನೇ ಇಸ್ವಿಗೆ. ಅಷ್ಟು ಬರೀರಿ ಸಾಕು."

"ಖರೇ ಬರದ್ರ ನನ್ನ ನೌಕರಿ ಹೋಗ್ತದ. ಇದನ್ನ ಒಯ್ದ್ರ ನಿಮಗ ಖೋಲಿ ಸಿಗ್ತದ. ನೀವ ವಿಚಾರ ಮಾಡ್ರಿ."

ಮಾವ ಚಹಾ ಮುಟ್ಟಲಿಲ್ಲ. ಕಾಗದ ತೆಗೆದುಕೊಂಡವನು ನಾನು. ನನಗೆ ನಾಚಿಕೆಯೇನೂ ಆಗಲಿಲ್ಲ, ನಾಲ್ಕು ಜನರ ಸಾಕ್ಷಿ ನಂಬದ ಆಫೀಸಿನ ಮೇಲೆ ಸಿಟ್ಟು ಬಂದಿತ್ತು.

ಸೋಮವಾರ ಹೊರಡುವಾಗ ಶರಣವ್ವ ಅತ್ತೆ ಬಾಗಿಲಲ್ಲೇ ಮಾವನಿಗೆ ಹೇಳಿದಳು: "ಅಲ್ಲಿ ಹೋಗಿ ಸತ್ಯಹರಿಶ್ಚಂದ್ರ ಆಗಬ್ಯಾಡ. ಈ ವಯಸ್ಸಿನಾಗ ಫುಟ್‌ಪಾತಿನ ಮ್ಯಾಲ ಮಲಗಾಕ ನನ್ನ ಕಡೆ ಆಗೂದಿಲ್ಲ."

ಅನುರಾಧಾ ಮೇಡಂ ಲೆಟರ್‌ಹೆಡ್ ಮುಟ್ಟಿ ನೋಡಿದರು, ಮ್ಯೂಸಿಯಂನ ದುಂಡನೆಯ ಮೊಹರು ನೋಡಿದರು, ಮುಖ ಅರಳಿತು. ಮೂವತ್ತೊಂಬತ್ತು ವರ್ಷವನ್ನು ನಂಬದಿದ್ದವರು ಮುನ್ನೂರನ್ನು ನಂಬಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಪೆನ್ನು ಹಿಡಿದು, ರೂಢಿಯಂತೆ, ಎಷ್ಟು ವರ್ಷದಿಂದ ಇಲ್ಲಿದ್ದೀರೆಂದು ಅರ್ಜಿದಾರನ ಬಾಯಿಂದಲೇ ಕೇಳಿದರು.

"ಕಬ್ ಸೇ ರಹತೇ ಹೋ, ಚಾಚಾ?"

ಕ್ವಾರಿಯಲ್ಲಿ ಮುಕಾದಮನ ಎದುರು ನಿಂತು ಕಲ್ಲಿನ ಅಳತೆ ತಪ್ಪೆಂದು ಜಗಳಾಡಿದ ಮನುಷ್ಯ ನೆಲ ನೋಡುತ್ತ ನಿಂತ. ನಾನು ಮೆಲ್ಲಗೆ ಅವನ ಅಂಗಿ ಜಗ್ಗಿದೆ.

"ತೀನ್ ಸೌ ಸಾಲ್ ಸೇ," ಅಂದ. ಮುನ್ನೂರು ವರ್ಷದಿಂದ.

ಮೇಡಂ ತಲೆಯೆತ್ತದೆ ಬರೆದುಕೊಂಡರು. ಖೋಲಿ ಮಂಜೂರಾಯಿತು, ಹನ್ನೊಂದನೇ ಮಹಡಿ.

ಮೆಟ್ಟಿಲಿಳಿಯುವಾಗ ಮಾವ ಗೋಡೆ ಹಿಡಿದು ನಿಂತ.

"ಎಲ್ಲಾ ಬರಕೊಂಡ್ರು ನವೀನಾ. ನಾ ಊರಿಂದ ಬಂದಿದ್ದೊಂದು ಬಿಟ್ಟು."