ಚೊಗರು ಕುಡಿದ ನೆಲ

ನಲ್ಲೂರಿನ ಸಾವುಕಾರ ಶಿವಮೂರ್ತಪ್ಪನವರು ತಮ್ಮ ಹಳೇ ಅಡಿಕೆ ಗೋದಾಮನ್ನು ಹೆಣ್ಣುಮಕ್ಕಳ ಶಾಲೆಗೆ ಬಿಟ್ಟುಕೊಟ್ಟಾಗ, ಬೀಗದಕೈ ಕೊಡುತ್ತಾ, "ಒಂದೀಟು ಗುಡಿಸ್ಕಳ್ರಿ ಮೇಷ್ಟ್ರಮ್ಮ" ಎಂದಿದ್ದರು. ಬಾಗಿಲು ತೆಗೆದು ಒಳಗೆ ನೋಡಿದ ಶಾಲೆಯ ಮೇಷ್ಟ್ರಮ್ಮ ಮೆಹರಾಜ್ ಬೇಗಂಗೆ ಆ 'ಒಂದೀಟು' ಎಂಬ ಮಾತು ನೆನೆದೇ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಇದೊಂದೇ ಸಿಮೆಂಟು ನೆಲ ಎಂದು ಹೆಸರೇನೋ ಇತ್ತು, ಸಿಮೆಂಟು ಮಾತ್ರ ಕಾಣುತ್ತಿರಲಿಲ್ಲ. ಅಡಿಕೆ ಬೇಯಿಸಿ ಉಳಿದ ಚೊಗರಿನ ಕೊಡಗಳನ್ನು ಹತ್ತು ವರ್ಷ ಇಲ್ಲೇ ಇಟ್ಟಿದ್ದರು. ಅವು ಸೋರಿ ಸೋರಿ ನೆಲವೆಲ್ಲ ಕಂದುಗಟ್ಟಿ, ಕಾಲಿಟ್ಟರೆ ಅಂಗಾಲು ಹಿಡಿದುಕೊಳ್ಳುತ್ತಿತ್ತು. ಅದರ ಮೇಲೆ ಇಲಿಹಿಕ್ಕೆ, ಹಮಾಲರು ಉಗುಳಿದ ಎಲೆಅಡಿಕೆ, ಮೂಲೆಯಲ್ಲಿ ಯಾವ ಕಾಲದ್ದೋ ಬೆಲ್ಲ ಕರಗಿ ಕಟ್ಟಿದ ಹೆಪ್ಪು.

ಅಂದು ಬುಧವಾರ. ಸೋಮವಾರ ಮಧ್ಯಾಹ್ನ ಶಾಲಾ ಇನ್‌ಸ್ಪೆಕ್ಟರು ಬರುವವರಿದ್ದರು. ಪಕ್ಕಾ ನೆಲದ ಕೋಣೆ ಇಲ್ಲದಿದ್ದರೆ ಶಾಲೆಯನ್ನು ಗಂಡುಮಕ್ಕಳ ಶಾಲೆಗೆ ಸೇರಿಸಲಾಗುವುದು ಎಂದು ಕಾಗದ ಬಂದಿತ್ತು. ಸೇರಿಸುತ್ತಾರಂತೆ! ಹದಿನಾಲ್ಕು ಹುಡುಗಿಯರಲ್ಲಿ ಒಬ್ಬಳನ್ನಾದರೂ ಅಲ್ಲಿಗೆ ಯಾರು ಕಳಿಸುತ್ತಾರೆ? ಎರಡು ವರ್ಷ ಮನೆಮನೆ ತಿರುಗಿ, ಅಪ್ಪಂದಿರ ಮುಂದೆ ಗಂಟಲು ಹರಿದುಕೊಂಡು, ಅಜ್ಜಿಯರ ಕೈಲಿ ಬೈಸಿಕೊಂಡು ಮೆಹರಾಜ್ ಒಬ್ಬೊಬ್ಬಳನ್ನೇ ಕರೆತಂದಿದ್ದಳು. ಸೋಮವಾರ ಕಳೆದರೆ ಅವರೆಲ್ಲ ಮತ್ತೆ ದನದ ಹಿಂದೆ, ಒಲೆಯ ಮುಂದೆ.

ಬುಧವಾರವೆಲ್ಲ ಕುರ್ಪಿ ಹಿಡಿದು ಕೆರೆದಳು. ಗುರುವಾರ ಹಂಡೆ ಹಂಡೆ ಬಿಸಿನೀರು ಹುಯ್ದು, ಅಗಸರ ಮನೆಯಿಂದ ತಂದ ಚೌಳುಮಣ್ಣು ಎರಚಿ, ತೆಂಗಿನ ನಾರಿನಿಂದ ಉಜ್ಜಿದಳು. ಅಂಗೈ ಚರ್ಮ ಸುಲಿದು ಬಂತು, ಚೊಗರು ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಒಂದು ಮೂಲೆಯಲ್ಲಿ ಮೊಳದಷ್ಟಗಲ ಬೂದುಬಣ್ಣ ಇಣುಕಿದಾಗ ಅವಳಿಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಸಹಾಯಕ್ಕೆ ಗಾದ್ರಮ್ಮ ಬಂದಳು. ಅವಳ ಮಗಳೂ ಶಾಲೆಗೆ ಬರುತ್ತಿದ್ದಳು. ಹಾಗಾಗಿ ಬೇಡ ಎನ್ನಲು ಬಾಯಿ ಬರಲಿಲ್ಲ. ಮೆಹರಾಜ್ ಮನೆಗೆ ಹೋಗಿ ಎರಡು ತುತ್ತು ತಿಂದು ಬರುವಷ್ಟರಲ್ಲಿ ಗಾದ್ರಮ್ಮ ತಾಮ್ರದ ಹಂಡೆ ಬೆಳಗುವವಳಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೇರುಗಟ್ಟಲೆ ಹುಣಸೆಹಣ್ಣು ಕಿವುಚಿ ನೆಲಕ್ಕೆ ಬಳಿದಿದ್ದಳು. ಕಲೆ ಹೋಗಿತ್ತು, ನಿಜ. ಕಲೆಯ ಜೊತೆಗೆ ಸಿಮೆಂಟಿನ ನುಣುಪೂ ಹೋಗಿ, ನೆಲ ಅಲ್ಲಲ್ಲಿ ತೊನ್ನು ಹತ್ತಿದಂತೆ ಬೆಳ್ಳಗಾಗಿತ್ತು.

"ಅಕ್ಕಾ, ಇದೇನು ಮಾಡಿಟ್ರಿ!"

"ಹುಳಿ ಹಾಕಿದ್ರೆ ಹೊಳೀತೈತೆ ಅಂದ್ಕಂಡೆ ಕಣಮ್ಮ."

"ನೆಲ ಏನು ಬಿಂದಿಗೇನಾ, ಹೊಳಿಯಾಕೆ?"

ಗಾದ್ರಮ್ಮನ ಮುಖ ಸಣ್ಣದಾಯಿತು. ಆ ಬೇಜಾರಿನಲ್ಲೋ ಪ್ರೀತಿಯಲ್ಲೋ, ಶನಿವಾರ ನಸುಕಿಗೇ ಬಂದು ಬೆಳ್ಳನೆಯ ಮಚ್ಚೆ ಮುಚ್ಚಲೆಂದು ಕೋಣೆಯಿಡೀ ಸಗಣಿ ಸಾರಿಸಿ, ಸುತ್ತ ರಂಗೋಲಿ ಎಳೆಯನ್ನೂ ಬಿಟ್ಟು ಹೋಗಿದ್ದಳು. ಪಕ್ಕಾ ನೆಲ ನೋಡಲು ಬರುವ ಇನ್‌ಸ್ಪೆಕ್ಟರಿಗೆ ಸಗಣಿ ನೆಲ ತೋರಿಸುವುದು! ಮೆಹರಾಜ್ ಹೊಸ್ತಿಲ ಮೇಲೆ ಕುಳಿತು ಯಾರ ಮೇಲೆ ಕೂಗಬೇಕೆಂದು ತಿಳಿಯದೆ ಪೊರಕೆಯನ್ನೇ ಬೈದಳು. ಬೈದು ಮುಗಿದ ಮೇಲೆ ಅದೇ ಪೊರಕೆ ಹಿಡಿದು ಎದ್ದಳು. ಶನಿವಾರ ಪೂರ್ತಿ, ಭಾನುವಾರ ಸಂಜೆಯವರೆಗೂ ತೊಳೆದಳು. ಇಟ್ಟಿಗೆ ಚೂರಿನಿಂದ ತಿಕ್ಕಿ ತಿಕ್ಕಿ ಒರಟನ್ನೆಲ್ಲ ಒಂದು ಸಮಕ್ಕೆ ತಂದಳು. ಕೊನೆಯ ನೀರು ಬಚ್ಚಲ ತೂತಿನಿಂದ ತಿಳಿಯಾಗಿ ಹರಿದುಹೋಯಿತು.

ಒದ್ದೆ ಆರುವ ಹೊತ್ತಿಗೆ ಸಾವುಕಾರರು ಬಂದರು. ಬಾಗಿಲಲ್ಲಿ ನಿಂತು ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿಯೂ ನೋಡಿದರು.

"ಎಲಾ ಇದರ! ಇಷ್ಟು ಚಂದಾಗಿತ್ತಾ ನಮ್ ಗೋದಾಮು? ನೋಡ್ರಿ ಮೇಷ್ಟ್ರಮ್ಮ, ನಾಳೆ ಬೆಳಿಗ್ಗೆ ಹೊಸಾ ಅಡಿಕೆ ಮೂಟೆ ಬರ್ತವೆ. ಇಲ್ಲೇ ಇಳಿಸ್ತೀನಿ. ನೀವು ಬ್ಯಾರೆ ಜಾಗ ನೋಡ್ಕಳ್ರಿ."

"ಮಾತು ಕೊಟ್ಟಿದ್ರಲ್ಲ ಸಾವ್ಕಾರ್ರೆ!"

"ನಾನು ಕೊಡ್ತೀನಿ ಅಂದಿದ್ದು ಕೊಳಕು ನೆಲ. ಇದು ಬ್ಯಾರೇನೇ ಐತೆ."

ಸಾವುಕಾರರು ಹೊರಟುಹೋದರು. ಕೊಳಕಾಗೇ ಬಿಟ್ಟಿದ್ದರೆ ಉಳಿಯುತ್ತಿತ್ತು. ತೊಳೆದು ತೊಳೆದು ತಾನೇ ಕೈಯಾರೆ ಕಳೆದುಕೊಂಡೆನಲ್ಲ ಎಂದು ಮೆಹರಾಜ್ ಪೊರಕೆಯನ್ನು ಹೊರಗೆಸೆದಳು.

ಸೋಮವಾರ ಸೂರ್ಯ ಹುಟ್ಟುವ ಮೊದಲೇ ಹದಿನಾಲ್ಕು ಹುಡುಗಿಯರನ್ನೂ ಎಬ್ಬಿಸಿ ಕರೆತಂದಳು. ತಿಂಗಳಿಡೀ ಬರಬೇಕಾದ ಸೀಮೆಸುಣ್ಣವನ್ನು ಮುರಿದು ಎಲ್ಲರ ಕೈಗೂ ಹಂಚಿದಳು. "ಹೊಸ್ತಿಲಿಂದ ಶುರು ಮಾಡ್ರಿ. ಬರೀತಾ ಬರೀತಾ ಹಿಂದಕ್ಕೆ ಸರೀರಿ. ಗೇಣು ಜಾಗಾನೂ ಬಿಡಬ್ಯಾಡ್ರಿ." ಅ ಆ ಇ ಈ ಮುಗಿದವು, ಕಾಗುಣಿತ ಮುಗಿಯಿತು, ಅವರವರ ಹೆಸರು, ಅಪ್ಪಂದಿರ ಹೆಸರು, ಹಸುವಿನ ಹೆಸರು ಕೂಡ ಬಂತು. ಕೊನೆಗೆ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಎಲ್ಲರೂ ಸಾಲಾಗಿ ಕುಳಿತರು.

ಗಾಡಿ ಬಂದು ನಿಂತಿತು. ಹಮಾಲಿ ಜಂಪಣ್ಣ ಬೆನ್ನ ಮೇಲೆ ಮೂಟೆ ಹೊತ್ತು ಹೊಸ್ತಿಲಿಗೆ ಬಂದು, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಸಾವ್ಕಾರ್ರೆ, ಅಕ್ಷರ ಐತೆ."

"ದಾಟಿ ಹೋಗೋ ಲೇ."

"ಎಲ್ಲಿ ದಾಟಾಕೆ? ಜಾಗಾನೇ ಇಲ್ಲ. ನಂಗೆ ಒಂದಕ್ಷರ ಬರಲ್ಲ ಖರೆ, ಸರಸ್ವತಿ ತುಳಿಯಾಕೆ ಮಾತ್ರ ಆಗಲ್ಲ ರೀ."

ಶಿವಮೂರ್ತಪ್ಪನವರು ತಾವೇ ಮೆಟ್ಟು ಬಿಟ್ಟು ಮುಂದೆ ಬಂದರು. ಅವರ ಹೆಬ್ಬೆರಳು 'ಅ' ಅಕ್ಷರಕ್ಕೆ ತಾಗಿತು. ತಕ್ಷಣ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಳಿಸ್ರಿ ಮೇಷ್ಟ್ರಮ್ಮ."

"ಐದು ದಿನ ಒರೆಸೀನಿ. ಇನ್ನು ನನ್ ಕೈಲಾಗಲ್ಲ. ಅಗೋ, ಅರಿವೆ ಹೊರಗೇ ಐತೆ, ನೀವೇ ಅಳಿಸ್ರಿ."

ಅವರು ಬಟ್ಟೆಯನ್ನು ನೋಡಿದರು, ಅಕ್ಷರಗಳನ್ನು ನೋಡಿದರು. ಕೈ ಮುಂದೆ ಬರಲಿಲ್ಲ. ಗಾಡಿಯ ಎತ್ತುಗಳು ಕೊರಳು ಕೊಡವಿದವು.

"ಎಷ್ಟು ದಿನ ಹಿಂಗೆ ಬರೆಸ್ತೀರಿ?"

"ಕಲಿಯೋ ತಂಕ."

"ಕಲ್ತ ಮ್ಯಾಲೆ?"

"ಕಲ್ತ ಮ್ಯಾಲೆ ಬರಿಯಾದು ಬಿಡ್ತಾರೇನ್ರಿ?"

ಸಾವುಕಾರರು ಬಾಯಿ ತೆರೆಯುವ ಮೊದಲೇ ಜಂಪಣ್ಣ ಮೂಟೆಯನ್ನು ಮತ್ತೆ ಗಾಡಿಗೆ ಹಾಕಿ, ಎತ್ತುಗಳನ್ನು ಅವರ ಮನೆಯ ಕಡೆಗೆ ತಿರುಗಿಸಿದ.